ಸೆಕೆಂಡ್ ಸ್ಟೇಜ್ ಲೋಹದ್ದು ತಗೊಳ್ಳಲಾ, ಪ್ಲಾಸ್ಟಿಕ್ಕಿನದಾ?

ಗುಳ್ಳೆಮರಿ

ಎಲ್ಲರಿಗೂ ನಮಸ್ಕಾರ. ಇಲ್ಲಿಯವರೆಗೆ 34 ಡೈವ್ ಆಗಿದೆ, ಎಲ್ಲವೂ ಬಾಡಿಗೆ ರೆಗ್ಯುಲೇಟರ್‌ನಲ್ಲೇ (ಟ್ಯಾಂಕಿನ ಗಾಳಿಯ ಒತ್ತಡ ಇಳಿಸಿ ಉಸಿರಾಡೋಕೆ ಕೊಡೋ ಸಾಧನ; ಅದರಲ್ಲಿ ಬಾಯಲ್ಲಿ ಕಚ್ಚೋ ಭಾಗವೇ ಸೆಕೆಂಡ್ ಸ್ಟೇಜ್). ಈಗ ನನ್ನದೇ ಒಂದು ಕೊಳ್ಳೋಣ ಅಂತ ಹೊರಟೆ, ಕೊಳ್ಳೋಕೆ ಮುಂಚೆಯೇ ತಲೆ ಕೆಟ್ಟಿದೆ. ಡೈವಿಂಗ್ ಕಲಿಸಿದವರು "ಲೋಹದ್ದೇ ತಗೋ, ಜೀವಮಾನ ಪೂರ್ತಿ ಬರುತ್ತೆ" ಅಂತಾರೆ. ಜೊತೆಗೆ ಮುಳುಗೋ ಗೆಳೆಯ "ಆ ಭಾರ ಕಚ್ಕೊಂಡು ಒಂದು ಗಂಟೆ ಇರ್ತೀಯಾ? ಪ್ಲಾಸ್ಟಿಕ್ಕೇ ಸರಿ" ಅಂತಾನೆ. ಇಬ್ಬರೂ ನನಗಿಂತ ತಿಳಿದವರೇ.

ನನ್ನ ಕಷ್ಟ ಎರಡು. ಡೈವ್ ಮುಗಿಯೋ ಹೊತ್ತಿಗೆ ಗಂಟಲು ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತೆ. ಆಮೇಲೆ ದವಡೆ ನೋವು. ಇಷ್ಟು ದಿನ ಬೆಚ್ಚಗಿನ ಸಮುದ್ರ ಮಾತ್ರ ನೋಡಿದ್ದು, ಇನ್ನು ಮೇಲೆ ತಣ್ಣೀರಿನ ಸರೋವರಕ್ಕೂ ಇಳಿಯೋ ಆಸೆ ಇದೆ. ಬಾಡಿಗೆಗೆ ಸಿಕ್ಕಿದ್ದೆಲ್ಲ ಪ್ಲಾಸ್ಟಿಕ್ಕಿನವೇ ಆದ್ದರಿಂದ ಹೋಲಿಸಿ ನೋಡೋಕೆ ನನ್ನ ಹತ್ತಿರ ಏನೂ ಇಲ್ಲ. ಬಳಸಿದವರು ಹೇಳಿ.

ಹಿತ್ತಾಳೆರಾಯ

ನಿಮ್ಮ ಗುರುಗಳು ಹೇಳಿದ್ದು ಸರಿ. ನಾನು ಬಳಸೋದು ಹಳೇ ಸ್ಕೂಬಾಪ್ರೊ 109, ಪೂರ್ತಿ ಲೋಹದ್ದು. ನನ್ನ ಬಾಯಿಗೆ ಬರೋ ಮುಂಚೆ ಇನ್ನೊಬ್ಬರ ಬಾಯಲ್ಲಿತ್ತು, ಅವರಿಗೆ ವಯಸ್ಸಾಗಿ ಡೈವಿಂಗ್ ಬಿಟ್ಟಾಗ ನನಗೆ ಕೊಟ್ಟರು. ಅಂಚಿನಲ್ಲಿ ಕ್ರೋಮ್ ಸವೆದು ಹಳದಿ ಹಿತ್ತಾಳೆ ಇಣುಕುತ್ತಿದೆ. ಉಸಿರು ಮಾತ್ರ ಬೆಣ್ಣೆಯ ಹಾಗೆ ಬರುತ್ತೆ.

ನಿಮ್ಮ ಗಂಟಲು ಒಣಗೋದಕ್ಕೆ ಕಾರಣ ಇದು. ಕಂಪ್ರೆಸರ್‌ನ ಫಿಲ್ಟರ್ ಗಾಳಿಯಲ್ಲಿರೋ ತೇವವನ್ನೆಲ್ಲ ಹೀರಿಬಿಡುತ್ತೆ. ಹಾಗೆ ಮಾಡದಿದ್ದರೆ ಟ್ಯಾಂಕ್ ಒಳಗಿಂದ ತುಕ್ಕು ಹಿಡಿಯುತ್ತೆ, ಚಳಿಯಲ್ಲಿ ವಾಲ್ವ್ ಹೆಪ್ಪುಗಟ್ಟುತ್ತೆ. ಆ ಒಣಗಾಳಿಯನ್ನು ನೆನೆಸೋ ಕೆಲಸ ಪ್ರತಿ ಉಸಿರಿಗೂ ನಿಮ್ಮ ಬಾಯಿ, ಗಂಟಲು, ಶ್ವಾಸಕೋಶದ್ದು. ಬಿಟ್ಟ ಉಸಿರಿನ ಜೊತೆ ಆ ತೇವ ಗುಳ್ಳೆಯಾಗಿ ಮೇಲೆ ಹೋಗುತ್ತೆ. ಕೇಸ್ ಲೋಹದ್ದಾದರೆ ಸುತ್ತಲಿನ ನೀರಿನ ತಂಪು ಒಳಗೋಡೆಯವರೆಗೂ ಬಂದಿರುತ್ತೆ. ಬೆಚ್ಚನೆ ಉಸಿರು ಅದಕ್ಕೆ ತಾಗಿ ಹನಿ ಕಟ್ಟುತ್ತೆ, ಮುಂದಿನ ಸಲ ಎಳೆದ ಒಣಗಾಳಿ ಆ ಹನಿಯ ಮೇಲೆ ಹಾದು ಬರುತ್ತೆ. ಪ್ಲಾಸ್ಟಿಕ್ ಗೋಡೆ ಅಷ್ಟು ತಣ್ಣಗಾಗಲ್ಲ, ಹನಿಯೂ ಕಮ್ಮಿ. ಡೈವ್ ಮುಗಿಸಿ ಮೇಲೆ ಬಂದಾಗ ನನ್ನ ಜೊತೆಯವರೆಲ್ಲ ನೀರಿನ ಬಾಟ್ಲಿಗೆ ಕೈ ಚಾಚ್ತಾರೆ, ನಾನು ಆರಾಮಾಗಿ ಫಿನ್ ಬಿಚ್ತಾ ಕೂತಿರ್ತೀನಿ.

ಹಗುರದೋಣಿ

ರಾಯರೇ, ನಿಮ್ಮ ದವಡೆ ಕಬ್ಬಿಣದ್ದಿರಬೇಕು. ನಮ್ಮದು ಹಾಗಿಲ್ಲ.

ಗುಳ್ಳೆಮರಿ, ಸ್ವಲ್ಪ ಲೆಕ್ಕ ನೋಡಿ. ನೀರಿನ ಸಾಂದ್ರತೆ 1 ಅಂದರೆ ಹಿತ್ತಾಳೆಯದು 8.5ರ ಹತ್ತಿರ, ನೈಲಾನ್‌ನದು 1.14. ಗಾಜಿನ ನಾರು ಬೆರೆಸಿದ ನೈಲಾನ್ ಆದರೂ 1.4ರ ಆಸುಪಾಸು ಅನ್ನಿ. ನೂರು ಗ್ರಾಂ ಹಿತ್ತಾಳೆ ನೀರಿಗಿಳಿದರೆ 88 ಗ್ರಾಂ ತೂಗುತ್ತೆ. ನೂರು ಗ್ರಾಂ ಮಾಮೂಲಿ ನೈಲಾನ್ ತೂಗೋದು 12 ಗ್ರಾಂ. ದಂಡೆಯ ಮೇಲೆ ಕೈಯಲ್ಲಿ ಹಿಡಿದು "ಅಂಥಾ ವ್ಯತ್ಯಾಸ ಏನಿಲ್ಲ" ಅಂತ ಕೊಂಡವರು ನೀರೊಳಗೆ 50 ನಿಮಿಷ ಹಲ್ಲಿನಲ್ಲಿ ಹಿಡಿದ ಮೇಲೆ ಬೇರೆ ಮಾತಾಡ್ತಾರೆ.

ಜೊತೆಗೆ ವಿಮಾನ ಹತ್ತೋವಾಗ ಪ್ರತಿ ಗ್ರಾಮೂ ಲೆಕ್ಕಕ್ಕೆ ಬರುತ್ತೆ. ದೋಣಿಯ ಹಲಗೆ ಮೇಲೆ ಬಿದ್ದರೆ ಪ್ಲಾಸ್ಟಿಕ್ ಪುಟಿದು ಸುಮ್ಮನಾಗುತ್ತೆ, ಲೋಹ ತಗ್ಗು ಬೀಳುತ್ತೆ. ಇವತ್ತಿನ ಒಳ್ಳೊಳ್ಳೆ ಸೆಕೆಂಡ್ ಸ್ಟೇಜ್‌ಗಳಲ್ಲಿ ಬಹುಪಾಲು ಪ್ಲಾಸ್ಟಿಕ್ ಕೇಸಿನವೇ. ಸುಮ್ಮನೆ ಮಾಡಿರ್ತಾರಾ?

ಹಿತ್ತಾಳೆರಾಯ

ಸುಮ್ಮನೆ ಮಾಡಿಲ್ಲ ನಿಜ. ಅಚ್ಚಿಗೆ ಸುರಿದು ತೆಗೆಯೋದು ಸುಲಭ, ಖರ್ಚೂ ಕಮ್ಮಿ, ಅದಕ್ಕೆ ಮಾಡಿದ್ದಾರೆ.

ಓರಿಂಗ್‌ಅಕ್ಕ

ನೀವಿಬ್ಬರೂ ಡಬ್ಬಿ ಬಗ್ಗೆ ಜಗಳ ಆಡ್ತಿದ್ದೀರಿ. ನಾನು ದಿನಾ ಡಬ್ಬಿ ಬಿಚ್ಚೋಳು, ಒಳಗಿನದು ಹೇಳ್ತೀನಿ.

ಗುಳ್ಳೆಮರಿ, "ಪ್ಲಾಸ್ಟಿಕ್ ರೆಗ್ಯುಲೇಟರ್" ಅಂತ ಜನ ಕರೆಯೋದರಲ್ಲೂ ಟ್ಯಾಂಕಿಗೆ ಕೂರೋ ಫಸ್ಟ್ ಸ್ಟೇಜ್ ಹೆಚ್ಚುಕಮ್ಮಿ ಯಾವಾಗಲೂ ಕ್ರೋಮ್ ಹಾಕಿದ ಹಿತ್ತಾಳೆಯೇ. ಅದರ ಮೇಲೆ 200 ಬಾರ್, ಕೆಲವು ಸಲ ಅದಕ್ಕಿಂತ ಜಾಸ್ತಿ ಒತ್ತಡ ಕೂತಿರುತ್ತೆ. ಅದನ್ನು ಇಳಿಸಿ, ಸುತ್ತಲಿನ ನೀರಿನ ಒತ್ತಡಕ್ಕಿಂತ 9–10 ಬಾರ್ ಮೇಲಿಟ್ಟು ಹೋಸಿಗೆ ಬಿಡೋದು ಅದರ ಕೆಲಸ. ಹಾಗಾಗಿ ನಿಮ್ಮ ಪ್ರಶ್ನೆ ಬಾಯಲ್ಲಿ ಕಚ್ಚೋ ಭಾಗದ್ದು ಮಾತ್ರ. ಇನ್ನು ಆ ಸೆಕೆಂಡ್ ಸ್ಟೇಜಿನ ಕೇಸಿನೊಳಗೆ ಒತ್ತಡ ಅನ್ನೋದೇ ಇಲ್ಲ ಅನ್ನಬಹುದು, ಹೊರಗೆ ನೀರಿನದು ಎಷ್ಟೋ ಒಳಗೆ ಗಾಳಿಯದೂ ಅಷ್ಟೇ. ಪ್ಲಾಸ್ಟಿಕ್ ಒಡೆದು ಸಿಡಿಯುತ್ತಾ ಅನ್ನೋ ಭಯ ಬಿಡಿ.

ಆ 9–10 ಬಾರ್ ಬರೋದು ಬ್ಯಾರೆಲ್‌ವರೆಗೆ. ಹೋಸ್ ಕೂರೋ ಕಡೆಯಿಂದ ಕೇಸಿನೊಳಗೆ ಅಡ್ಡಲಾಗಿ ಹೋಗೋ ಬೆರಳು ಗಾತ್ರದ ಕೊಳವೆ ಅದು. ವಾಲ್ವ್ ಇರೋದು ಅಲ್ಲೇ. ನಾನು ಮೊದಲು ನೋಡೋದು ಅದು ಯಾವುದರದ್ದು ಅಂತ.

ಈಗ ನನ್ನ ಮೇಜಿನ ಮೇಲೆ ಎರಡು ಪ್ಲಾಸ್ಟಿಕ್ ಸೆಕೆಂಡ್ ಸ್ಟೇಜ್ ಬಿಚ್ಚಿಟ್ಟಿವೆ. ಹೊರಗಿಂದ ಅಕ್ಕತಂಗಿಯರ ಹಾಗಿವೆ. ಮೊದಲನೆಯದರಲ್ಲಿ ಬ್ಯಾರೆಲ್ ಹಿತ್ತಾಳೆ, ಆರಿಫಿಸ್ (ಗಾಳಿ ಬರೋ ತೂತಿನ ತುಂಡು) ಹಿತ್ತಾಳೆ ಮರೆಯಲ್ಲೇ (ಸ್ಕ್ರೂ ಸುತ್ತಿನಲ್ಲೇ) ತಿರುಗುತ್ತೆ, ವಾಲ್ವ್ ತೆರೆಯೋ ಲಿವರ್ ಸ್ಟೇನ್‌ಲೆಸ್. ಹತ್ತು ಸಲ ಬಿಚ್ಚಿ ಜೋಡಿಸಿದರೂ ಅದೇ ಟ್ಯೂನಿಂಗಿಗೆ ಬಂದು ನಿಲ್ಲುತ್ತೆ. ಎರಡನೆಯದರಲ್ಲಿ ಬ್ಯಾರೆಲ್ಲೂ ಕೇಸಿನ ಜೊತೆಗೇ ಎರಕ ಹೊಯ್ದ ಪ್ಲಾಸ್ಟಿಕ್. ಯಾರೋ ಹೋಸ್ ಬಿಚ್ಚೋವಾಗ ಒಂದೇ ಸ್ಪ್ಯಾನರ್ ಹಾಕಿದ್ದಾರೆ. ಇಂಥ ಕಡೆ ಎರಡು ಸ್ಪ್ಯಾನರ್ ಬೇಕು, ಒಂದು ನಟ್ಟಿಗೆ, ಇನ್ನೊಂದು ಒಳಕೊಳವೆ ತಿರುಗದ ಹಾಗೆ ಹಿಡಿಯೋಕೆ. ಒಂದೇ ಹಾಕಿದ್ದರಿಂದ ಒಳಗಿನ ಭಾಗ ತಿರುಗಿ, ಅದನ್ನು ಹಿಡಿದಿದ್ದ ಪ್ಲಾಸ್ಟಿಕ್ಕಿನ ಚೌಕ ಮೂಲೆ ಸವೆದು ದುಂಡಗಾಗಿದೆ. ಇನ್ನು ಪ್ರತಿ ಸಲ ಹೋಸ್ ಬಿಗಿ ಮಾಡಿದಾಗಲೂ ಲಿವರ್ ಸ್ವಲ್ಪ ವಾರೆಯಾಗುತ್ತೆ. ಬಂದವರು "ಗಾಳಿ ಸೋರುತ್ತೆ, ಸೀಟ್ ಬದಲಿಸಿ" ಅಂದರು. ಸೀಟ್ (ವಾಲ್ವಿನ ತೂತು ಮುಚ್ಚೋ ಮೆತ್ತನೆ ಬಿಲ್ಲೆ) ಹೊಸದಿನ ಹಾಗೇ ಇದೆ.

ಹಾಗಾಗಿ ನಿಮ್ಮಿಬ್ಬರ ಪ್ರಶ್ನೆಗೆ ನನ್ನದು ಇನ್ನೊಂದು ಪ್ರಶ್ನೆ: ಯಾವ ಪ್ಲಾಸ್ಟಿಕ್?

ಗುಳ್ಳೆಮರಿ

ಅಕ್ಕ, ಇದು ಯಾರೂ ಹೇಳಿರಲಿಲ್ಲ. ಅಂಗಡಿಯಲ್ಲಿ ಬಿಚ್ಚಿ ತೋರಿಸ್ತಾರಾ? ಇಲ್ಲದಿದ್ದರೆ ಹೇಗೆ ಗೊತ್ತಾಗುತ್ತೆ?

ಓರಿಂಗ್‌ಅಕ್ಕ

ಬಿಚ್ಚಬೇಕಿಲ್ಲ. ಸರ್ವೀಸ್ ಮಾಡೋರ ಹತ್ತಿರ ಆ ಮಾಡೆಲ್‌ನ ಬಿಡಿಭಾಗಗಳ ನಕ್ಷೆ ಇರುತ್ತೆ, ಅದರಲ್ಲಿ ಬ್ಯಾರೆಲ್ ಬೇರೆ ಭಾಗವಾಗಿ ಬರೆದಿದ್ದರೆ ಒಳ್ಳೆ ಸೂಚನೆ. ಸ್ಕೂಬಾಪ್ರೊ ಜಿ260 ಥರದ ಮಾಡೆಲ್‌ಗಳಲ್ಲಿ ಕೇಸ್ ನೈಲಾನ್, ಬ್ಯಾರೆಲ್ ಲೋಹ. ಪೂರ್ತಿ ಲೋಹ ಬೇಕು ಅನ್ನೋರಿಗೆ ಸ್ಕೂಬಾಪ್ರೊ ಎ700, ಮಾರೆಸ್ ಅಬಿಸ್ ಇವೆ. ಹೆಸರು ಹೇಳಿದ್ದು ಉದಾಹರಣೆಗೆ, ಅದನ್ನೇ ಕೊಳ್ಳಿ ಅಂತಲ್ಲ.

ಚಳಿನೀರು

ನಮಸ್ಕಾರ್ರಿ. ತಣ್ಣೀರಿನ ಮಾತು ಬಂತು ಅಂತ ಬರಿಯಾಕತ್ತೀನಿ. ಬೆಚ್ಚನ ಸಮುದ್ರದಾಗ ಕೇಸ್ ಯಾವುದಾದ್ರೂ ನಡೀತದ. ನೀರು 10 ಡಿಗ್ರಿಗಿಂತ ಕೆಳಗ ಹೋತಂದ್ರ ಆಟ ಬ್ಯಾರೆ.

ನನ್ನ ಕಥಿ ಹೇಳ್ತೀನಿ ಕೇಳ್ರಿ. ಮಳೆನೀರು ತುಂಬಿದ ಹಳೇ ಕಲ್ಲುಗಣಿ, ತಳದಾಗ 4 ಡಿಗ್ರಿ, ನಾವು 28 ಮೀಟರ್‌ನಾಗ ಇದ್ವಿ. ನನ್ನ ಕೈಯಾಗ ಎರವಲು ತಂದ ಪ್ಲಾಸ್ಟಿಕ್ ಸೆಕೆಂಡ್ ಸ್ಟೇಜು. ಬಿಸಿಡಿಗೆ (ತೇಲಾಕ ಹಾಕ್ಕೊಳ್ಳೋ ಗಾಳಿ ಜಾಕೆಟ್ಟಿಗೆ) ಗಾಳಿ ತುಂಬಾಕ ಬಟನ್ ಒತ್ತಿ ಹಿಡದೆ, ಅದೇ ಹೊತ್ತಿಗೆ ಉದ್ದಕ ಉಸಿರು ಎಳದೆ. ಮೊದಲ ಒಂದು ಸಣ್ಣ "ಕಟಕ್" ಅಂತು, ನಾಲಿಗಿ ಮ್ಯಾಲ ಬರಫಿನ ಹರಳು ಬಿದ್ದಂಗಾತು. ಆಮ್ಯಾಲ ಭರ್ರ್ ಅಂತ ಗಾಳಿ ಸುರದದ್ದು ನಿಲ್ಲಲೇ ಇಲ್ಲ. ಮುಖದ ಮುಂದ ಬರೇ ಬಿಳಿ ಗುಳ್ಳಿ, ಕೈ ಚಾಚಿದ್ರ ಕೈ ಕಾಣವಲ್ದು. ಗೇಜ್ ನೋಡಿದ್ರ ಮುಳ್ಳು ಇಳಿಯೋದು ಕಣ್ಣಿಗೆ ಕಾಣ್ತಿತ್ತು. ಜೋಡಿ ಡೈವರ್ ತನ್ನ ಆಕ್ಟೋಪಸ್ (ಹೆಚ್ಚಿನ ಸೆಕೆಂಡ್ ಸ್ಟೇಜು) ಕೊಟ್ಟು, ಹಿಂದ ಕೈ ಹಾಕಿ ನನ್ನ ವಾಲ್ವ್ ಮುಚ್ಚಿದ. ಇಬ್ಬರೂ ಒಂದೇ ಟ್ಯಾಂಕಿನ ಮ್ಯಾಲ ಏರಿ ಬಂದ್ವಿ. ಆವತ್ತಿನಿಂದ ತಣ್ಣೀರಿಗೆ ನಾ ಲೋಹದ್ದೇ ಬಳಸೋದು.

ಗುಳ್ಳೆಮರಿ

ಓದಿ ಮೈ ಜುಮ್ ಅಂತು. ಒಂದು ಪ್ರಶ್ನೆ, ದಡ್ಡತನ ಅನಿಸಿದರೆ ಕ್ಷಮಿಸಿ. ನೀರು 4 ಡಿಗ್ರಿ ಇದ್ದರೆ ಅದು ಇನ್ನೂ ನೀರೇ ತಾನೇ? ಮತ್ತೆ ಹೆಪ್ಪುಗಟ್ಟೋದು ಎಲ್ಲಿಂದ ಬಂತು?

ಚಳಿನೀರು

ದಡ್ಡ ಪ್ರಶ್ನೆ ಅಲ್ರಿ, ಇದೇ ಮುಖ್ಯ. ಗಾಳಿ 200 ಬಾರಿನಿಂದ ಒಮ್ಮೆಲೆ ಹಿಗ್ಗಿದಾಗ ತಣ್ಣಗಾಗ್ತದ. ಡಿಯೋಡರೆಂಟ್ ಡಬ್ಬಿ ಬಾಳ ಹೊತ್ತು ಒತ್ತಿ ಹಿಡದ್ರ ಕೈಗೆ ಚಳಿ ಹತ್ತೂದಿಲ್ಲೇನು, ಹಂಗ. ಫಸ್ಟ್ ಸ್ಟೇಜಿನಾಗ ದೊಡ್ಡ ಇಳಿತ, ಅಲ್ಲಿಂದ ಹೊರಗ ಬರೋ ಗಾಳಿ ಸೊನ್ನೆಗಿಂತ ಎಷ್ಟೋ ಕೆಳಗ ಇರ್ತದ. ಸೆಕೆಂಡ್ ಸ್ಟೇಜಿನಾಗ ಮತ್ತೊಮ್ಮೆ ಹಿಗ್ತದ. ಅಲ್ಲಿ ನಾವು ಬಿಟ್ಟ ಉಸಿರಿನ ತೇವ ಲಿವರ್ ಮ್ಯಾಲ ಕೂತಿರ್ತದ, ಅದು ಬರಫ್ ಆಗಿ ಲಿವರ್ ತೆರದೇ ನಿಂತುಬಿಡ್ತದ. ಗಾಳಿ ಸುರದಷ್ಟು ಇನ್ನೂ ತಣ್ಣಗ, ತಣ್ಣಗಾದಷ್ಟು ಇನ್ನೂ ಬರಫ್. ತಾನಾಗಿ ನಿಲ್ಲೂದಿಲ್ಲ.

30 ಮೀಟರ್‌ನಾಗ ಸುತ್ತಲಿನ ಒತ್ತಡ 4 ಬಾರ್, ಅಂದ್ರ ಒಂದೊಂದು ಉಸಿರಿಗೂ ಮ್ಯಾಲಿನಕಿಂತ ನಾಕು ಪಟ್ಟು ಗಾಳಿ ಟ್ಯಾಂಕಿನಿಂದ ಬರ್ತದ. ಅದ್ರ ಜೋಡಿ ಬಿಸಿಡಿ ಬಟನ್ ಬ್ಯಾರೆ ಒತ್ತಿದೆ ನಾ. ಸುತ್ತಲಿನ 4 ಡಿಗ್ರಿ ನೀರು ಆ ವಾಲ್ವಿಗೆ ಒಲಿ ಇದ್ದಂಗ, ಬೆಚ್ಚಗ ಇಡೋದು ಅದೇ! ಲೋಹ ಇದ್ರ ಆ ಶಾಖ ಒಳಗ ಮುಟ್ತದ. ಪ್ಲಾಸ್ಟಿಕ್ ನಡುವ ಕಂಬಳಿ ಹೊಚ್ಚಿದಂಗ.

ಹಗುರದೋಣಿ

ಚಳಿನೀರು ಅವರೇ, ನೀವು ಬದುಕಿ ಬಂದದ್ದು ಸಂತೋಷ. ಆದರೆ ಕೇಸಿನ ಮೇಲೆ ತಪ್ಪು ಹೊರಿಸೋ ಮುಂಚೆ ಒಂದು ಮಾತು. ನಿಮ್ಮ ಫಸ್ಟ್ ಸ್ಟೇಜ್ ಯಾವ ಥರದ್ದು? ನೀರು ಸ್ಪ್ರಿಂಗ್‌ವರೆಗೂ ಹೋಗೋ ಬಯಲು ಪಿಸ್ಟನ್ನಾ, ಇಲ್ಲಾ ನೀರು ಒಳಗೆ ಹೋಗದ ಹಾಗೆ ಸೀಲ್ ಮಾಡಿದ ಡಯಾಫ್ರಮ್ಮಾ (ಪಿಸ್ಟನ್ ಬದಲು ರಬ್ಬರ್ ಪೊರೆ ಇರೋದು)? ಬಯಲು ಪಿಸ್ಟನ್ನಿನಲ್ಲಿ ಸ್ಪ್ರಿಂಗ್ ಸುತ್ತಲಿನ ನೀರೇ ಹೆಪ್ಪುಗಟ್ಟುತ್ತೆ, ಪಿಸ್ಟನ್ ಮುಚ್ಚೋಕೆ ಆಗದೆ ಹೋಸಿನ ಒತ್ತಡ ಏರುತ್ತೆ, ಆಗ ಸೆಕೆಂಡ್ ಸ್ಟೇಜ್ ಚಿನ್ನದ್ದೇ ಆಗಿದ್ದರೂ ಸುರಿಯುತ್ತೆ. ಅದೂ ಸಿಹಿನೀರು. ಉಪ್ಪುನೀರು ಹೆಪ್ಪುಗಟ್ಟೋಕೆ ಮೈನಸ್ 1.9 ಡಿಗ್ರಿವರೆಗೆ ಹೋಗಬೇಕು, ಸಿಹಿನೀರಿಗೆ ಸೊನ್ನೆ ಸಾಕು.

ಚಳಿನೀರು

...ಬಯಲು ಪಿಸ್ಟನ್ನೇ ಇತ್ರಿ. ಎರವಲು ತಂದದ್ದು, ಕೇಳಿರಲಿಲ್ಲ.

ಹಗುರದೋಣಿ

ಅದಕ್ಕೇ ಹೇಳಿದ್ದು. ಕುಣಿಯಲಾರದವಳಿಗೆ ನೆಲ ಡೊಂಕು ಅಂದ ಹಾಗಾಯ್ತು.

ಓರಿಂಗ್‌ಅಕ್ಕ

ದೋಣಿ ಅವರೇ, ಜೀವದ ಮೇಲೆ ಬಂದ ಕಥೆಗೆ ಗಾದೆ ಬೇಡ. ಜೊತೆಗೆ ನೀವು ಹೇಳಿದ್ದೂ ಅರ್ಧವೇ. ಅವರ ನಾಲಿಗೆ ಮೇಲೆ ಹರಳು ಬಿತ್ತು ಅಂದರಲ್ಲ, ಅಂದರೆ ಸೆಕೆಂಡ್ ಸ್ಟೇಜಿನೊಳಗೂ ಮಂಜು ಕಟ್ಟಿತ್ತು. ಫಸ್ಟ್ ಸ್ಟೇಜಿನದು ಮಾತ್ರ ತಪ್ಪು ಅನ್ನೋಕೆ ಬರಲ್ಲ. ಎರಡೂ ಸೇರಿರಬಹುದು, ಜೊತೆಗೆ ಬಟನ್ನೂ ಉಸಿರೂ ಒಂದೇ ಹೊತ್ತಿಗೆ.

ತಣ್ಣೀರಿಗೆ ಕೊಳ್ಳೋರು ನೋಡಬೇಕಾದ ಗುರುತು ಒಂದಿದೆ. ಯೂರೋಪಿನ ಇಎನ್ 250 ಮಾನದಂಡದಲ್ಲಿ 10 ಡಿಗ್ರಿಗಿಂತ ಕೆಳಗಿನದು ತಣ್ಣೀರು. ತಣ್ಣೀರಿನ ಪರೀಕ್ಷೆ ನಡೆಸೋದು 4 ಡಿಗ್ರಿ ಮಟ್ಟದಲ್ಲಿ. ತಣ್ಣೀರಿಗೆ ಆಗಲ್ಲ ಅನ್ನೋದರ ಮೇಲೆ ">10°" ಅಂತ ಕೆತ್ತಿರಬೇಕು. ಫಸ್ಟ್ ಸ್ಟೇಜ್, ಸೆಕೆಂಡ್ ಸ್ಟೇಜ್ ಎರಡನ್ನೂ ತಿರುಗಿಸಿ ನೋಡಿ. ಪ್ಲಾಸ್ಟಿಕ್ ಕೇಸಿನ ಎಷ್ಟೋ ರೆಗ್ಯುಲೇಟರ್ ಆ ತಣ್ಣೀರಿನ ಪರೀಕ್ಷೆ ಪಾಸಾಗಿವೆ. ಹೇಗೆ ಅಂದರೆ ಒಳಗೆ ಲೋಹದ ಬ್ಯಾರೆಲ್ ಇಟ್ಟು, ಹೋಸ್ ಕೂರೋ ಕಡೆ ಅದನ್ನು ನೀರಿಗೆ ತಾಗೋ ಹಾಗೆ ಹೊರಗೆ ಬಿಡ್ತಾರೆ. ಏಪೆಕ್ಸ್ ಕಂಪನಿಯವರು ಅಲ್ಲಿ ರೆಕ್ಕೆ ರೆಕ್ಕೆ ಇರೋ ಲೋಹದ ತುಂಡನ್ನೇ ಕೂರಿಸ್ತಾರೆ, ನೀರಿನ ಶಾಖ ಎಳ್ಕೊಳ್ಳೋಕೆ. ಶಾಖಕ್ಕೆ ದಾರಿ ಇದ್ದರೆ ಆಯ್ತು, ಇಡೀ ಮನೆಯೇ ಲೋಹದ್ದಾಗಬೇಕಿಲ್ಲ.

ಕಡಲಕಾಗೆ

ಟೈಟಾನಿಯಂ ಎಲ್ಲದಕ್ಕಿಂತ ಒಳ್ಳೇದು ಅಂತ ಹೇಳ್ತಾರಲ್ಲ ಮಾರಾಯ್ರೆ, ಅದು ಎಂತ ಕಥೆ? ಹಗುರವೂ ಉಂಟು, ಲೋಹವೂ ಉಂಟು, ಉಪ್ಪುನೀರಿಗೆ ಎಂತದೂ ಆಗುದಿಲ್ಲವಂತೆ. ಮತ್ತೆ ಈ ಜಗಳವೇ ಬೇಡ ಅಲ್ವಾ?

ಓರಿಂಗ್‌ಅಕ್ಕ

ಉಪ್ಪುನೀರಿಗೆ ಏನೂ ಆಗಲ್ಲ ಅನ್ನೋದು ನಿಜ. ಸಾಂದ್ರತೆ 4.5, ಹಿತ್ತಾಳೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಕ್ರೋಮ್ ಬೇಡ, ಕಿಲುಬು ಹಿಡಿಯಲ್ಲ. ಆದರೆ ಎರಡು ವಿಷಯ ಅಂಗಡಿಯವರು ಒತ್ತಿ ಹೇಳಲ್ಲ.

ಶಾಖ ದಾಟಿಸೋದರಲ್ಲಿ ಲೋಹ ಲೋಹಕ್ಕೂ ಅಜಗಜಾಂತರ. ಹಿತ್ತಾಳೆಯ ಅಂಕಿ ಸುಮಾರು 110, ಸ್ಟೇನ್‌ಲೆಸ್ ಸ್ಟೀಲಿನದು 15, ಸಾಮಾನ್ಯವಾಗಿ ಬಳಸೋ ಟೈಟಾನಿಯಂ ಮಿಶ್ರಲೋಹದ್ದು 7ರ ಹತ್ತಿರ. ನೈಲಾನ್‌ನದು 0.25. ಮೀಟರಿಗೆ, ಕೆಲ್ವಿನ್ನಿಗೆ ಇಷ್ಟು ವ್ಯಾಟ್ ಅಂತ ಲೆಕ್ಕ. ಪ್ಲಾಸ್ಟಿಕ್ಕಿಗಿಂತ ಎಲ್ಲವೂ ಮೇಲೇ. ಆದರೆ ಚಳಿನೀರು ಅವರು ಹೇಳಿದ "ಒಲೆ" ಕೆಲಸಕ್ಕೆ ಹಳೇ ಹಿತ್ತಾಳೆಯ ಮುಂದೆ ಟೈಟಾನಿಯಂ ಸಪ್ಪೆ.

ಇನ್ನೊಂದು ಆಮ್ಲಜನಕ. ಒತ್ತಡದಲ್ಲಿರೋ ಆಮ್ಲಜನಕದಲ್ಲಿ ಟೈಟಾನಿಯಂ ಹೊತ್ತಿಕೊಂಡರೆ ಉರಿದುಹೋಗುತ್ತೆ. ಹಾಗಾಗಿ ಟೈಟಾನಿಯಂ ಫಸ್ಟ್ ಸ್ಟೇಜನ್ನು 40 ಶೇಕಡಾ ಆಮ್ಲಜನಕಕ್ಕಿಂತ ಹೆಚ್ಚಿನ ನೈಟ್ರಾಕ್ಸಿಗೆ (ಆಮ್ಲಜನಕ ಹೆಚ್ಚಿಸಿದ ಗಾಳಿಗೆ) ಬಳಸಬಾರದು. ಹಿತ್ತಾಳೆಗೆ ಆ ವಿಷಯದಲ್ಲಿ ಒಳ್ಳೆ ಹೆಸರಿದೆ. ಮುಂದೆ ಡಿಕಂಪ್ರೆಶನ್‌ಗೆ (ಮೇಲೆ ಬರೋವಾಗ ನಿಂತು ಮೈಯೊಳಗಿನ ಸಾರಜನಕ ಹೊರಬಿಡೋದಕ್ಕೆ) ಶುದ್ಧ ಆಮ್ಲಜನಕ ಒಯ್ಯೋ ಯೋಚನೆ ಇರೋರು ಆಮ್ಲಜನಕಕ್ಕೆಂದೇ ಶುಚಿ ಮಾಡಿದ ಹಿತ್ತಾಳೆಯದನ್ನೇ ಇಟ್ಟುಕೊಳ್ಳಿ.

ಕಡಲಕಾಗೆ

ಓಹೋ. ಹಾಗಾದ್ರೆ ನನ್ನ ಹಣ ಉಳೀತು.

ಹಿತ್ತಾಳೆರಾಯ

ನೋಡಿ, ಕೊನೆಗೆ ಹಿತ್ತಾಳೆಯೇ ಗೆದ್ದಿತು!

ಓರಿಂಗ್‌ಅಕ್ಕ

ರಾಯರೇ, ನಿಮ್ಮ 109 ಕೊನೇ ಸಲ ಬಿಚ್ಚಿಸಿದ್ದು ಯಾವಾಗ?

ಹಿತ್ತಾಳೆರಾಯ

ಅದು... ಈಚೆಗೆ ಅಲ್ಲ. ಸರಿ, ನನ್ನ ಮರ್ಯಾದೆ ನಾನೇ ಕಳ್ಕೋತೀನಿ. ಎರಡು ಸೀಸನ್ ಹಿಂದೆ ಟ್ಯಾಂಕ್ ಉರುಳಿ ಅದರ ಮೇಲೆ ಬಿತ್ತು. ಕೇಸಿನ ಅಂಚು ಒಂದು ಕಡೆ ಚೂರು ಒಳಗೆ ಹೋಯ್ತು, ಉಗುರಿನ ದಪ್ಪದಷ್ಟು. ಏನೂ ಆಗಿಲ್ಲ ಅಂತ ಇಳಿದೆ. ಪ್ರತಿ ಉಸಿರಿನ ಜೊತೆ ಒಂದು ಗುಟುಕು ಉಪ್ಪುನೀರು. ಡಯಾಫ್ರಮ್ (ಕೇಸಿನ ಮುಂಭಾಗದ ರಬ್ಬರ್ ಪೊರೆ, ಉಸಿರೆಳೆದಾಗ ಒಳಗೆ ಬಾಗಿ ಲಿವರ್ ಒತ್ತೋದು) ಹರಿದಿದೆ ಅಂತ ಹೊಸದು ಹಾಕಿಸಿದೆ, ಆದರೂ ನೀರು. ಬಿಟ್ಟ ಉಸಿರು ಹೊರಹೋಗೋ ಎಕ್ಸಾಸ್ಟ್ ವಾಲ್ವ್ ಬದಲಿಸಿದೆ, ಆದರೂ ನೀರು. ಕೊನೆಗೆ ರಿಪೇರಿಯವರು ಕೇಸನ್ನು ಗಾಜಿನ ಮೇಲೆ ಬೋರಲು ಹಾಕಿ ಟಾರ್ಚ್ ಬಿಟ್ಟರು. ಅಂಚಿನ ಕೆಳಗಿಂದ ಬೆಳಕಿನ ಗೆರೆ ಕಾಣಿಸಿತು. ಡಯಾಫ್ರಮ್ ಕೂರೋ ವೃತ್ತ ವೃತ್ತವಾಗಿ ಉಳಿದಿರಲಿಲ್ಲ. ಮರದ ಅಚ್ಚಿನ ಮೇಲಿಟ್ಟು ಮೆಲ್ಲಗೆ ತಟ್ಟಿ ಸರಿ ಮಾಡಿಕೊಟ್ಟರು.

ಹಗುರದೋಣಿ

ಹೇಳಿದ್ದೆನಲ್ಲ ತಗ್ಗು ಬೀಳುತ್ತೆ ಅಂತ! (ಚಳಿನೀರು ಅವರೇ, ಗಾದೆಗೆ ಕ್ಷಮೆ ಇರಲಿ.)

ಓರಿಂಗ್‌ಅಕ್ಕ

ಪ್ಲಾಸ್ಟಿಕ್ ಆಗಿದ್ದರೆ ತಟ್ಟಿ ಸರಿ ಮಾಡೋಕೆ ಬರ್ತಿರಲಿಲ್ಲ ದೋಣಿ ಅವರೇ, ಬಿರುಕು ಬಿಟ್ಟರೆ ಕೇಸೇ ಹೊಸದು. ಕೂದಲೆಳೆ ಬಿರುಕು ಕಣ್ಣಿಗೂ ಕಾಣಲ್ಲ. ಅದಕ್ಕೆ ಎಲ್ಲರೂ ಮಾಡಬಹುದಾದ ಪರೀಕ್ಷೆ ಒಂದಿದೆ: ಟ್ಯಾಂಕ್ ತೆರೆಯೋ ಮುಂಚೆ, ಹೋಸಿನಲ್ಲಿ ಒತ್ತಡ ಇಲ್ಲದಾಗ, ಮೌತ್‌ಪೀಸ್ ಕಚ್ಚಿ ಮೆಲ್ಲಗೆ ಉಸಿರೆಳೆದು ಹಿಡಿಯಿರಿ. ಗಾಳಿ ಬರಬಾರದು, ಎಳೆದ ಬಿಗಿ ಹಾಗೇ ನಿಲ್ಲಬೇಕು. ಮೆಲ್ಲಗೆ ಸಡಿಲ ಆದರೆ ಎಲ್ಲೋ ಸೋರುತ್ತಿದೆ. ಡಯಾಫ್ರಮ್, ಎಕ್ಸಾಸ್ಟ್ ವಾಲ್ವ್, ಬಿರುಕು, ತಗ್ಗು, ಮೌತ್‌ಪೀಸಿನ ತೂತು, ಎಲ್ಲವೂ ಇದರಲ್ಲೇ ಸಿಕ್ಕಿಬೀಳುತ್ತೆ. ರಾಯರೂ ಇದನ್ನು ದಂಡೆಯ ಮೇಲೇ ಮಾಡಿದ್ದರೆ ಉಪ್ಪುನೀರು ಕುಡೀತಿರಲಿಲ್ಲ.

ತೊಳೆಯೋ ವಿಷಯವನ್ನೂ ಹೇಳಿಬಿಡ್ತೀನಿ, ಯಾಕಂದರೆ ನನ್ನ ಮೇಜಿಗೆ ಬರೋ ಹೆಚ್ಚಿನ ರೋಗ ಅಲ್ಲಿಂದಲೇ. ಸಿಹಿನೀರಲ್ಲಿ ನೆನೆಸಿ, ಡಸ್ಟ್ ಕ್ಯಾಪ್ (ಫಸ್ಟ್ ಸ್ಟೇಜಿನ ಬಾಯಿ ಮುಚ್ಚೋ ಮುಚ್ಚಳ) ಬಿಗಿಯಾಗಿರಲಿ. ಒತ್ತಡ ಇಲ್ಲದಾಗ ಪರ್ಜ್ ಬಟನ್ (ಸೆಕೆಂಡ್ ಸ್ಟೇಜಿನ ಮುಂಭಾಗದಲ್ಲಿ ಗಾಳಿ ಬಿಡೋಕೆ ಇರೋ ಗುಂಡಿ) ಒತ್ತಬೇಡಿ. ಒತ್ತಿದರೆ ವಾಲ್ವ್ ತೆರೆದು ನೀರು ಹೋಸಿನೊಳಗೆ ಇಳಿದು ಫಸ್ಟ್ ಸ್ಟೇಜ್ ಸೇರುತ್ತೆ. ಆರು ತಿಂಗಳ ಮೇಲೆ ಬಿಚ್ಚಿದಾಗ ಒಳಗೆಲ್ಲ ಹಸಿರು ಕಿಲುಬು. ಕೇಸ್ ಪ್ಲಾಸ್ಟಿಕ್ ಆದ್ದರಿಂದ ಕಿಲುಬಿನ ಚಿಂತೆ ಇಲ್ಲ ಅಂದುಕೊಂಡವರದ್ದೇ ಹೀಗೆ ಬರೋದು ಜಾಸ್ತಿ. ಹಿತ್ತಾಳೆ ಭಾಗಕ್ಕೆ ನೀರು ಬೆರೆಸಿದ ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಕಿಲುಬು ಬಿಡುತ್ತೆ, ಮರೆತು ಬಿಟ್ಟರೆ ಕ್ರೋಮ್ ಕೂಡ ಎದ್ದು ಬರುತ್ತೆ. ಪ್ಲಾಸ್ಟಿಕ್ಕಿಗೆ ಅಸಿಟೋನ್ ಥರದ್ದು ತಾಗಿಸಲೇಬೇಡಿ. ಮುಂಭಾಗದ ಮುಚ್ಚಳದ ಮರೆಯಲ್ಲಿ ಒಂದು ಮರಳಿನ ಕಣ ಸಿಕ್ಕಿದರೂ ಬಲ ಹಾಕಿ ತಿರುಗಿಸಬೇಡಿ. ಲೋಹದ ಮರೆ ಕಿರುಗುಟ್ಟಿ ಎಚ್ಚರಿಸುತ್ತೆ. ಪ್ಲಾಸ್ಟಿಕ್ಕಿನದು ಸದ್ದಿಲ್ಲದೆ ಹೊಸ ದಾರಿ ಕೊರ್ಕೊಳ್ಳುತ್ತೆ.

ಕಡಲಕಾಗೆ

ಅಕ್ಕ, ಲೋಹದ್ದರಲ್ಲಿ ಉಸಿರು ಸಲೀಸು ಅಂತಾರಲ್ಲ, ಅದು ಹೌದಾ? ರಾಯರು ಬೆಣ್ಣೆ ಅಂದ್ರು.

ಓರಿಂಗ್‌ಅಕ್ಕ

ಕೇಸಿನ ಆಕಾರದಿಂದ ವ್ಯತ್ಯಾಸ ಆಗುತ್ತೆ, ಯಾವುದರಿಂದ ಮಾಡಿದ್ದು ಅನ್ನೋದರಿಂದ ಆಗಲ್ಲ. ಡಯಾಫ್ರಮ್ ಎಕ್ಸಾಸ್ಟ್ ವಾಲ್ವಿಗಿಂತ ಎಷ್ಟು ಸೆಂಟಿಮೀಟರ್ ಕೆಳಗೆ ಬರಬಹುದೋ ಅಷ್ಟು ನೀರಿನ ಒತ್ತಡ ಅದನ್ನು ತಾನಾಗಿಯೇ ಒಳಗೆ ತಳ್ಳುತ್ತೆ. ಟ್ಯೂನಿಂಗ್ ಅದಕ್ಕಿಂತ ಹಗುರ ಮಾಡಿದರೆ ತಲೆ ತಿರುಗಿಸಿದಾಗೆಲ್ಲ ಸುರಿಯುತ್ತೆ. ಆ ಮಿತಿ ಎಲ್ಲ ಕೇಸಿಗೂ ಇದೆ, ಪ್ಲಾಸ್ಟಿಕ್ಕಾದರೂ ಲೋಹವಾದರೂ.

ಅಳೆಯೋಕೆ ದೊಡ್ಡ ಯಂತ್ರ ಬೇಡ. ಟ್ಯಾಂಕಿಗೆ ಜೋಡಿಸಿ ವಾಲ್ವ್ ತೆರೆದಿಡಿ. ಅಗಲ ಬಟ್ಟಲಿನಲ್ಲಿ ನೀರು ತುಂಬಿ, ಮೌತ್‌ಪೀಸ್ ಆಕಾಶ ನೋಡೋ ಹಾಗೆ, ಪರ್ಜ್ ಬಟನ್ ಕೆಳಗೆ ಮಾಡಿ, ಮೆಲ್ಲಗೆ ಇಳಿಸಿ. ಒಂದು ಹಂತದಲ್ಲಿ "ಸ್ಸ್" ಅಂತ ಶುರುವಾಗುತ್ತೆ. ಆ ಕ್ಷಣ ಡಯಾಫ್ರಮ್ ನೀರಿನ ಮಟ್ಟಕ್ಕಿಂತ ಎಷ್ಟು ಕೆಳಗಿದೆ ಅಂತ ಸ್ಕೇಲ್ ಹಿಡಿದು ನೋಡಿ. ಎರಡೂವರೆಯಿಂದ ಮೂರೂವರೆ ಸೆಂಟಿಮೀಟರ್ ಇದ್ದರೆ ಚೆನ್ನಾಗಿ ಟ್ಯೂನ್ ಆಗಿದೆ. ರಾಯರ ಬೆಣ್ಣೆಯನ್ನೂ ಹೀಗೆ ಅಳೆದು ನೋಡಬಹುದು.

ಹಿತ್ತಾಳೆರಾಯ

ಅಳೆದೆ. 4.6. ಸರ್ವೀಸಿಗೆ ಕೊಡ್ತೀನಿ, ಸಾಕಾ?

ಗುಳ್ಳೆಮರಿ

ಆರು ವಾರ ಆಯ್ತು, ಉತ್ತರ ಕೊಟ್ಟವರಿಗೆಲ್ಲ ಏನಾಯ್ತು ಅಂತ ಹೇಳಬೇಕಲ್ಲ.

ಮೊದಲು ದವಡೆ. ಒಬ್ಬರ ಹತ್ತಿರ ಪೂರ್ತಿ ಲೋಹದ್ದು ಕೇಳಿ ತಂದು ಮೂರು ಡೈವ್ ಮಾಡಿದೆ. ನೋವು ಇತ್ತು. ನನ್ನ ಬಾಡಿಗೆ ಪ್ಲಾಸ್ಟಿಕ್ಕಿನಲ್ಲೂ ಇತ್ತು. ಆಮೇಲೆ ಜೊತೆಯವನು ನೀರೊಳಗೆ ನನ್ನ ಫೋಟೋ ತೆಗೆದ. ನೋಡಿದರೆ ಹೋಸ್ ಗಿಡ್ಡ, ನಾನು ಬಲಕ್ಕೆ ತಿರುಗೋದು ಎಡಕ್ಕೆ ತಿರುಗೋದು ಎಲ್ಲದಕ್ಕೂ ಅದು ಸೆಕೆಂಡ್ ಸ್ಟೇಜನ್ನು ಬಾಯಿಂದ ಎಳೀತಿದೆ! ಸ್ವಲ್ಪ ಉದ್ದದ ಹೋಸ್, ಬಾಯಿಗೆ ಹೊಂದೋ ಚಿಕ್ಕ ಮೌತ್‌ಪೀಸ್ ಹಾಕಿಸಿದ ಮೇಲೆ ಪ್ಲಾಸ್ಟಿಕ್ಕಿನಲ್ಲಿ ನೋವೇ ಇಲ್ಲ. ಲೋಹದ್ದರಲ್ಲಿ ಡೈವಿನ ಕೊನೆಗೆ ಸ್ವಲ್ಪ ಇರುತ್ತೆ. ದೋಣಿ ಅವರ 88 ಗ್ರಾಂ ಲೆಕ್ಕ ಸುಳ್ಳಲ್ಲ.

ಗಂಟಲಿನ ವಿಷಯದಲ್ಲಿ ರಾಯರು ಪೂರ್ತಿ ಗೆದ್ದರು. ಲೋಹದ್ದರಲ್ಲಿ ಮೊದಲ ಡೈವ್ ಮುಗಿದು ಮೇಲೆ ಬಂದಾಗ ಎಂಜಲು ನುಂಗೋಕೆ ಆಗ್ತಿದೆ ಅನ್ನೋದೇ ಆಶ್ಚರ್ಯ ಆಯ್ತು.

ಕೊನೆಗೆ ಕೊಂಡದ್ದು ನೈಲಾನ್ ಕೇಸ್, ಒಳಗೆ ಹಿತ್ತಾಳೆ ಬ್ಯಾರೆಲ್, ಸೀಲ್ ಮಾಡಿದ ಡಯಾಫ್ರಮ್ ಫಸ್ಟ್ ಸ್ಟೇಜ್. ">10°" ಗುರುತು ಎರಡರ ಮೇಲೂ ಇಲ್ಲ, ಟಾರ್ಚ್ ಹಿಡಿದು ಹುಡುಕಿದೆ. ಗಂಟಲು ಮೊದಲಿಗಿಂತ ವಾಸಿ, ಲೋಹದ್ದರಷ್ಟಿಲ್ಲ. ಚಳಿನೀರು ಅವರೇ, ನಿಮ್ಮ ಮಾತು ನೆನಪಿಟ್ಟು ಬಿಸಿಡಿಗೆ ಈಗ ಚೂರು ಚೂರೇ ಗಾಳಿ ಬಿಡ್ತೀನಿ, ಬಿಡೋವಾಗ ಉಸಿರೆಳೆಯಲ್ಲ. ನೀರಿಗಿಳಿಯೋ ಮುಂಚೆ ದಂಡೆಯ ಚಳಿಗಾಳಿಯಲ್ಲಿ ನಿಂತು ಅದರಲ್ಲಿ ಉಸಿರಾಡಿ ನೋಡೋ ಚಾಳಿಯನ್ನೂ ಬಿಟ್ಟೆ.

ಬಟ್ಟಲಿನ ಪರೀಕ್ಷೆಯಲ್ಲಿ 2.8 ಸೆಂಟಿಮೀಟರ್ ಬಂತು ಅಕ್ಕ.

ಚಳಿನೀರು

ಭಾಳ ಚಲೋ ಆತು. ಮೊದಲ ನಾಕು ಡೈವ್ 15 ಮೀಟರ್ ದಾಟಬ್ಯಾಡ್ರಿ, ಜೋಡಿ ಇರೋರಿಗೆ ಫ್ರೀ ಫ್ಲೋ (ನನಗಾದಂಗ ಗಾಳಿ ನಿಲ್ಲದ ಸುರಿಯೋದು) ಆದ್ರ ಏನು ಮಾಡಬೇಕಂತ ದಂಡಿ ಮ್ಯಾಲೇ ಒಮ್ಮೆ ಮಾಡಿ ತೋರಿಸ್ರಿ.

ಓರಿಂಗ್‌ಅಕ್ಕ

2.8 ಅಂದರೆ ಸರಿಯಾಗಿದೆ, ಕೈ ಹಾಕಬೇಡಿ. ಬಟ್ಟಲಿಂದ ತೆಗೆದ ಮೇಲೆ ಟ್ಯಾಂಕ್ ಮುಚ್ಚೋ ಮುಂಚೆಯೇ ಸೆಕೆಂಡ್ ಸ್ಟೇಜಿನ ನೀರು ಒದರಿದಿರಿ ತಾನೇ? ಡಸ್ಟ್ ಕ್ಯಾಪನ್ನು ಒರೆಸಿಯೇ ಹಾಕಿದಿರಾ? ಇಲ್ಲ ಅಂದರೆ ಹೇಳಿ, ಬೇಗ ಬಿಚ್ಚಿದಷ್ಟೂ ಕೆಲಸ ಕಮ್ಮಿ.

ಗುಳ್ಳೆಮರಿ

ನೀರು ಒದರಿದೆ ಅಕ್ಕ. ಕ್ಯಾಪ್... ನಾಳೆ ತರ್ತೀನಿ.